ಆಕಾಶಬುಟ್ಟಿಯ ಕೊಕ್ಕೆ ಬಿಚ್ಚಿದ ನೇತ್ರಾ

ಅಮೇರಿಕಾದ ಸಿಯಾಟಲ್ ಬಳಿಯ ಇಸ್ಸಾಕ್ವಾದ ಗುಡ್ಡದ ಮೇಲಿನ ಬಡಾವಣೆಗೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಸೋನೆ ಹಿಡಿದಿದೆ. ಸ್ವಪ್ನಾ ಮತ್ತು ಕಲ್ಮೇಶ್ ದಂಪತಿಯ ಗ್ಯಾರೇಜಿನ ಪಕ್ಕದ ಗೋಡೆಗೆ ಏಣಿ ಒರಗಿಸಿ, ಆ ಸಾಲಿನ ಕರೆಂಟ್ ತೆಗೆದು, ಹಣೆಗೆ ಟಾರ್ಚ್ ಕಟ್ಟಿಕೊಂಡು ನೇತ್ರಾ ಹಳೆಯ ದೀಪ ಕಳಚುತ್ತಿದ್ದಾರೆ. ಕೆಳಗೆ ಛತ್ರಿ ಹಿಡಿದು ನಿಂತ ಸ್ವಪ್ನಾಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

"ನೇತ್ರಾ, ಮೊದಲು ಕಾಫಿ ಕುಡೀರಿ. ಈ ಚಳೀಲಿ ನಿಮ್ಮನ್ನ ಏಣಿ ಹತ್ತಿಸಿದೀನಲ್ಲಾ, ನಂಗೇ ಒಂಥರಾ ಆಗ್ತಿದೆ."

"ಹಂಗ್ಯಾಕ್ರಿ? ನೀವು ಆಫೀಸಿಗೆ ಹೋಗಿ ಲ್ಯಾಪ್‌ಟಾಪ್ ತೆಗೀತೀರಿ, ನಾ ಏಣಿ ತೆಗೀತೀನಿ. ಕಾಫಿ ಆಮ್ಯಾಲೆ, ಮಳಿ ಜೋರಾಗೂದ್ರೊಳಗ ಇದನ್ನ ಬಿಚ್ಚಬೇಕು."

ಸ್ವಪ್ನಾ ಪಡುವಂಥ ಈ ಸಂಕೋಚವೇ ನೇತ್ರಾಗೆ ಇಷ್ಟು ವರ್ಷ ಅಡ್ಡ ಬಂದಿದೆ. ಫ್ಯಾಕ್ಟೋರಿಯಾದಿಂದ ಫ್ರೀಮಾಂಟ್‌ವರೆಗೆ ಮನೆಗಳ ಹೊರಗೋಡೆಗೆ ದೀಪ, ಪ್ಲಗ್ ಪಾಯಿಂಟ್ ಕೂರಿಸುವುದು ಅವರ ಕಸುಬು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ದಿನಕ್ಕೆ ಎರಡೋ ಮೂರೋ ಮನೆ. ಆದರೆ ಕನ್ನಡದವರ ಮನೆಯಿಂದ ಒಂದು ಕರೆಯೂ ಬಂದಿರಲಿಲ್ಲ. ಯುಗಾದಿಯ ದಿನ ಇಳಕಲ್ ಸೀರೆ ಉಟ್ಟು ಪಕ್ಕದಲ್ಲೇ ಕೂತು ಹೋಳಿಗೆ ತಿಂದವರಿಗೆ ಕೆಲಸ ಹೇಳುವುದು ಹೇಗೆ, ತಪ್ಪಾದರೆ ಬೈಯುವುದು ಹೇಗೆ? ನಮ್ಮವರಿಂದ ಬಂದ ಮೊದಲ ಕರೆ ಸ್ವಪ್ನಾರದು. ಸಂಜೆ ಇದೇ ಮನೆಯಲ್ಲಿ ದೀಪಾವಳಿ ಊಟ, ಸುತ್ತಲಿನ ಕನ್ನಡಿಗರೆಲ್ಲ ಬರುವವರು. ಹೊಸ ಹಿತ್ತಾಳೆ ದೀಪ ಚೆನ್ನಾಗಿ ಕೂತರೆ ಇನ್ನು ನಾಲ್ಕು ಮನೆಯವರು ಕರೆದಾರು. ಎಡವಟ್ಟಾದರೆ ಇದೇ ಮೊದಲು, ಇದೇ ಕೊನೆ.

ಗದಗ ಬೆಟಗೇರಿಯಲ್ಲಿ ಅಪ್ಪ ನಾಗಲಿಂಗಪ್ಪ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುತ್ತಿದ್ದವರು. ತಂತಿಯ ಸಹವಾಸ ಅಲ್ಲಿಂದಲೇ. ಐಟಿಐ ಮುಗಿಸಿ, ಚನ್ನವೀರನನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ವರ್ಕ್ ಪರ್ಮಿಟ್‌ಗಾಗಿ ವರ್ಷಗಟ್ಟಲೆ ಮನೆಯಲ್ಲೇ ಕಾದರು. ಪರ್ಮಿಟ್ ಬಂದದ್ದೇ ತಡ, ಅಪ್ರೆಂಟಿಸ್ ಆಗಿ ಮನೆಗಳ ನೆಲದಡಿಯ ಇಕ್ಕಟ್ಟಿನ ಸಂದಿಯಲ್ಲಿ, ಕೆಸರಲ್ಲಿ ತೆವಳಿ ವೈರು ಎಳೆದರು. ಬೆಳಿಗ್ಗೆ ಮಗಳು ಪಾವನಾಳ ಡಬ್ಬಿ, ಸಂಜೆ ಅವಳ ಹೋಮ್‌ವರ್ಕ್, ಕುಕ್ಕರ್ ಕೂಗುವಷ್ಟರಲ್ಲಿ ಲೈಸೆನ್ಸ್ ಪರೀಕ್ಷೆಗೆ ಎರಡು ಪುಟ ಓದು. ಗದಗಿನಿಂದ ಅತ್ತೆ ಚನ್ನಬಸಮ್ಮ ಫೋನಿನಲ್ಲೇ ತಿವಿದರು: "ಕಂಬಾ ಹತ್ತಾಕ ಅಮೇರಿಕಾಕ್ಕ ಹೋಗಬೇಕಾಗಿತ್ತೇನವಾ? ಇಲ್ಲೇ ಕೆಇಬಿ ಇತ್ತಲ್ಲ!"

ಇಲ್ಲಿನ ಗೋಡೆಯ ಮರ್ಜಿಯೇ ಬೇರೆ. ಒಳಗೆ ಮರದ ಹಲಗೆ, ಅದರ ಹೊರಗೆ ವಿನೈಲ್ ಎಂಬ ಪ್ಲಾಸ್ಟಿಕ್ ಪಟ್ಟಿಗಳ ಹೊದಿಕೆ. "ವಿನೈಲ್ ಬಿಸಲಿಗೆ ಹಿಗ್ಗತೈತಿ, ಥಂಡಿಗೆ ಕುಗ್ಗತೈತಿ. ದೀಪಾನ ಅದಕ್ಕ ಬಿಗದ್ರ ಡುಬ್ಬ ಏಳತೈತಿ," ಎನ್ನುತ್ತಾರೆ ನೇತ್ರಾ. ಹಾಗಾಗಿ ಪಟ್ಟಿಯನ್ನು ಕತ್ತರಿಸಿ, ಒಳಗಿನ ಮರಕ್ಕೆ ಒಂದು ಪ್ಲಾಸ್ಟಿಕ್ ಬ್ಲಾಕ್ ಬಿಗಿದು, ಅದರ ಸುತ್ತ ಬೆರಳಿನ ಉಗುರಿನಷ್ಟು ಸಂದು ಬಿಡಬೇಕು. ದೀಪ ಕೂರುವುದು ಬ್ಲಾಕಿನ ಮೇಲೆ. ಬ್ಲಾಕಿನ ನೆತ್ತಿಯಲ್ಲಿ ಮಳೆ ತಡೆಯುವ ತಗಡಿನ ಪಟ್ಟಿ, ಕೆಳಗೆ ನೀರು ಇಳಿಯಲು ದಾರಿ.

ಹಳೆಯ ದೀಪ ಕೈಗೆ ಬರುತ್ತದೆ. ನೇತ್ರಾ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ ಒಳಗಿನ ಮರಕ್ಕೆ ಬೆರಳು ಒತ್ತುತ್ತಾರೆ. ನೆನೆಸಿದ ಅವಲಕ್ಕಿಯಂತೆ ಬೆರಳು ಒಳಗಿಳಿಯುತ್ತದೆ. ಟಾರ್ಚಿನ ಬೆಳಕು ನೀರಿನ ಜಾಡು ಹಿಡಿದು ಮೇಲೇರಿ ಒಂದು ಕಬ್ಬಿಣದ ಕೊಕ್ಕೆಯ ಬುಡದಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಕಲ್ಮೇಶ್ ಕೂಡ ಹೊರಗೆ ಬಂದಿದ್ದಾರೆ.

"ಕಲ್ಮೇಶಣ್ಣಾ, ಈ ಕೊಕ್ಕಿ ಯಾರು ಹೊಡದದ್ದು?"

"ನಾನ ಅಕ್ಕಾರ. ಆಕಾಶಬುಟ್ಟಿ ಕಟ್ಟಾಕ. ಮನಿ ತಗೊಂಡ ವರ್ಷನ ಹೊಡದೇನಿ."

ವರ್ಷಕ್ಕೆ ನಾಲ್ಕು ದಿನ ಆಕಾಶಬುಟ್ಟಿ, ಉಳಿದ ದಿನವೆಲ್ಲ ಆ ತೂತಿನಿಂದ ಸಿಯಾಟಲ್ ಮಳೆ. ಕಲ್ಮೇಶ್ ತಲೆ ಕೆರೆದುಕೊಳ್ಳುತ್ತಾರೆ. "ಇವತ್ತೊಂದಿನ ಹೊಸಾ ದೀಪ ಅದರ ಮ್ಯಾಲೇ ಕೂಡಸ್ರಿ. ಹಬ್ಬ ಮುಗೀಲಿ, ಆಮ್ಯಾಲೆ ನೋಡೂಣು."

ನೇತ್ರಾ ಒದ್ದೆ ಮರದ ಚೂರೊಂದನ್ನು ಬೆರಳಲ್ಲಿ ಹಿಸುಕಿ ನೋಡುತ್ತಾರೆ. ಕೂರಿಸಿದರೆ ಸಂಜೆ ಎಲ್ಲರೂ ಹೊಗಳುವುದು ಖಾತ್ರಿ. ಬಿಟ್ಟರೆ, ಬಂದವರಿಗೆಲ್ಲ ಮೊದಲು ಕಾಣುವುದು ತೇಪೆ ಹಾಕಿದ ಗೋಡೆ.

"ತೋಯ್ದ ಕಟಗಿ ಮ್ಯಾಲೆ ಕರೆಂಟ್ ಕೊಡಾಕ ನಾ ಒಲ್ಲೆ ಅಣ್ಣಾ. ಬೇಕಾದ್ರ ಬೈರಿ."

ಕಲ್ಮೇಶ್ ಬೈಯುವುದಿಲ್ಲ. ಬಂದು ಏಣಿ ಹಿಡಿದುಕೊಳ್ಳುತ್ತಾರೆ. ನೇತ್ರಾ ತಂತಿಯ ತುದಿಗಳಿಗೆ ಪ್ಲಾಸ್ಟಿಕ್ ಟೋಪಿ ಹಾಕಿ, ಕೊಕ್ಕೆ ಬಿಚ್ಚಿ, ಕೊಳೆತದ್ದನ್ನು ಕೆತ್ತಿ ತೆಗೆಯುತ್ತಾರೆ. ಮೇಲಿನ ಪಟ್ಟಿಯ ಅಡಿಗೆ ನೀಲಿ ತಾಡಪತ್ರಿ ಸಿಕ್ಕಿಸಿ ಇಳಿಬಿಡುತ್ತಾರೆ. ಆಕಾಶಬುಟ್ಟಿಗೆ ಮನೆಯ ಮುಂದಿನ ಮೇಪಲ್ ಮರದ ಟೊಂಗೆಯೇ ಗತಿಯಾಗುತ್ತದೆ.

ಸಂಜೆ ಸೀರೆ ಉಟ್ಟು, ಗಂಡ ಮಗಳ ಜೊತೆ ಅದೇ ಮನೆಗೆ ಊಟಕ್ಕೆ ಬರುವಾಗ ನೇತ್ರಾರ ಹೆಜ್ಜೆ ಭಾರ. ಎಲ್ಲರ ಕಣ್ಣೂ ತಾಡಪತ್ರಿಯ ಮೇಲೆ. "ಏನ್ ಕಲ್ಮೇಶ್, ಹಬ್ಬಕ್ಕೆ ಗೋಡೆಗೂ ಹೊಸ ಬಟ್ಟೆನಾ?" ಎಂದು ಯಾರೋ ಕಿಚಾಯಿಸುತ್ತಾರೆ. ಕಲ್ಮೇಶ್ ಮುಚ್ಚುಮರೆಯಿಲ್ಲದೆ ಕೊಕ್ಕೆಯ ಕಥೆ ಹೇಳುತ್ತಾರೆ. ನಿವೃತ್ತ ವಿಮಾನ ಎಂಜಿನಿಯರ್ ಶ್ರೀಪತಿ ಕೈಯಲ್ಲಿನ ಚಕ್ಕುಲಿ ಅಲ್ಲೇ ನಿಲ್ಲುತ್ತದೆ.

"ಅಯ್ಯೋ, ನಮ್ಮನೇಲೂ ಇದೆಯಲ್ಲಮ್ಮಾ ಕೊಕ್ಕೆ! ನಾನೇ ಡ್ರಿಲ್ ಮಾಡಿದ್ದು."

"ಬೇಡಾಂದೆ, ಕೇಳಿದ್ರಾ?" ಹೆಂಡತಿ ಕಮಲಾಕ್ಷಿ ಸಿಡುಕುತ್ತಾರೆ. "ನೇತ್ರಾ, ನಾಳೆ ಬಂದು ನೋಡ್ತೀಯಾ?"

"ನಾಳೆ ಮೊದ್ಲ ನಮ್ಮನಿದು ನೋಡಬೇಕ್ರಿ. ನಮ್ಮನಿಯವ್ರೂ ಒಂದು ಹೊಡದಾರ." ಚನ್ನವೀರ ತಟ್ಟೆಯಿಂದ ಮುಖ ಎತ್ತುವುದಿಲ್ಲ. ಮನೆ ತುಂಬ ನಗು.

ಈಗ ಕಲ್ಮೇಶರ ಗೋಡೆಗೆ ಹೊಸ ಹಲಗೆ ಬಂದಿದೆ, ಅದರ ಮೇಲೆ ಹಿತ್ತಾಳೆ ದೀಪ ನೆಟ್ಟಗೆ ಕೂತಿದೆ. ನೇತ್ರಾರ ಶನಿವಾರಗಳು ನಮ್ಮವರ ಮನೆಗಳಿಂದಲೇ ತುಂಬುತ್ತಿವೆ. ಇನ್ನೇನು ಆಸೆ ಎಂದು ಕೇಳಿದರೆ, ಕೈಯ ಬ್ಲಾಕನ್ನು ಗೋಡೆಗಿಟ್ಟು ಮಟ್ಟ ನೋಡುತ್ತಲೇ ಹೇಳುತ್ತಾರೆ:

"ಕೆಲಸಕ್ಕ ಕರೀತಾರ, ಖುಷಿ ಐತ್ರಿ. ಆದ್ರ ಎಲ್ಲಾರೂ ಬರೇ 'ಚಂದ ಆಗೇತಿ' ಅಂತಾರ. ಒಬ್ಬರರ ಸಂಕೋಚ ಬಿಟ್ಟು, 'ಸೊಟ್ಟ ಕುಂತೈತಿ, ಬಿಚ್ಚಿ ಹಾಕವಾ' ಅನ್ನಬೇಕು. ಅವತ್ತ ನಾ ಇವರಿಗೆ ಖರೇ ಎಲೆಕ್ಟ್ರಿಷಿಯನ್."