ಇಪ್ಪತ್ತೆರಡು ಮುಖಗಳ ಗಿಲಕಿ ಅಂಗಡಿ

ಚನ್ನಪಟ್ಟಣದಲ್ಲಿ ಪುಟ್ಟಸ್ವಾಮಿಯ ಬಾಯಿಗೆ ಸಿಕ್ಕದ ಗೊಂಬೆಯಂಗಡಿ ಒಂದೂ ಇರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಹೆದ್ದಾರಿ ಬದಿಯ ಅಂಗಡಿಗಳು ಕಂಡರೆ ಸಾಕು, "ಥೂ, ಬಣ್ಣ ಬಳಿದ ಕಡ್ಡಿಗಳು, ಬರೀ ಮೋಸ" ಎನ್ನುತ್ತಿದ್ದ. ಪಕ್ಕದ ಸೀಟಿನಲ್ಲಿ ಯಾರಿದ್ದಾರೆಂದು ನೋಡುತ್ತಿರಲಿಲ್ಲ. ಒಂದು ಸಲ ಪಕ್ಕದಲ್ಲಿದ್ದವರು ಅದೇ ಅಂಗಡಿಯವರ ಬೀಗರಾಗಿದ್ದರು, ಅದಕ್ಕೂ ಆತ ಸೊಪ್ಪು ಹಾಕಲಿಲ್ಲ.

ಹಾಗೆ ಬೈಯುವ ಹಕ್ಕು ಆತನಿಗಿತ್ತು ಅನ್ನಿ. ಮೂವತ್ತೆಂಟು ವರ್ಷದಿಂದ ಲೇತಿನ ಮುಂದೆ ಕೂತು ಆಲೆ ಮರದ ಗಿಲಕಿ ಮಾಡುತ್ತಿದ್ದ. ಎಡಗೈಯ ಕಿರುಬೆರಳು ಬೆಲ್ಟಿಗೆ ಸಿಕ್ಕಿ ಕೊಕ್ಕೆಯ ಹಾಗೆ ಬಾಗಿತ್ತು, ಹೆಬ್ಬೆರಳ ಬುಡದಲ್ಲಿ ಬಿಸಿ ಅರಗು ಸುಟ್ಟ ಕಪ್ಪು ಕಲೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಬರಿಸುವುದು ಆ ಊರಿನ ಎಷ್ಟೋ ಜನ ಮಾಡುವ ಕೆಲಸ. ಆದರೆ ಪುಟ್ಟಸ್ವಾಮಿಯ ಮನೆಯಲ್ಲಿ ಮಾತ್ರ ಇನ್ನೊಂದು ಪದ್ಧತಿಯಿತ್ತು. ಕೊಳ್ಳಲು ಬಂದವರ ಎದುರಿಗೇ ಒಂದು ಗಿಲಕಿಯನ್ನು ಬಾಯಿಗಿಟ್ಟು, ಚೆನ್ನಾಗಿ ಚೀಪಿ, ಕಚ್ಚಿ, ಆಮೇಲೆ ನಾಲಿಗೆ ಚಾಚಿ ತೋರಿಸುವುದು. ಬಣ್ಣ ಅಂಟಿದೆಯೋ ಇಲ್ಲವೋ ನೀವೇ ನೋಡಿಕೊಳ್ಳಿ ಎಂದು. ಚೀಪಿದ್ದನ್ನು ಪಕ್ಕಕ್ಕೆಸೆದು ಅದೇ ಸಾಲಿನ ಬೇರೊಂದನ್ನು ಕೊಡುತ್ತಿದ್ದ. ಅವನಪ್ಪ ಲಿಂಗಯ್ಯನೂ ಹೀಗೇ ಮಾಡುತ್ತಿದ್ದನಂತೆ. ಐವತ್ತೆಂಟರ ಗಂಡಸು ಕೂಸಿನ ಹಾಗೆ ಗಿಲಕಿ ಚೀಪುವುದನ್ನು ಕಂಡರೆ ಹೆಂಡತಿ ಸರಸಮ್ಮನಿಗೆ ಇವತ್ತಿಗೂ ನಾಚಿಕೆ.

ಕಳೆದ ಆಷಾಢದಲ್ಲಿ ಬೆಂಗಳೂರಿನ ಒಂದು ಹೆರಿಗೆ ಆಸ್ಪತ್ರೆಯಿಂದ ಫೋನು ಬಂತು. ಮಾತಾಡಿದವಳು ರಮ್ಯಾ, ಆಸ್ಪತ್ರೆಗೆ ಬೇಕಾದ ಸಾಮಾನು ಕೊಳ್ಳುವ ಜವಾಬ್ದಾರಿಯವಳು. ಅಲ್ಲಿ ಹುಟ್ಟುವ ಪ್ರತಿ ಮಗುವಿಗೂ ಒಂದು ಚನ್ನಪಟ್ಟಣದ ಗಿಲಕಿ ಕೊಡಬೇಕೆಂದು ತೀರ್ಮಾನವಾಗಿತ್ತು, ಮೊದಲ ಕಂತಿಗೆ ಮುನ್ನೂರು. ಈ ಕಡೆಯ ನರ್ಸೊಬ್ಬಳು ಪುಟ್ಟಸ್ವಾಮಿಯ ಹೆಸರು ಹೇಳಿದ್ದಳು.

"ನಿಮ್ಮ ವೆಬ್‌ಸೈಟ್ ಲಿಂಕ್ ಕಳಿಸಿ ಸರ್. ನಮ್ಮ ಕಮಿಟಿಯವರು ಅದನ್ನ ನೋಡಿ ಹೇಳ್ತಾರೆ" ಎಂದಳು.

ಹುಟ್ಟಿದ ಕೂಸು ಮೊದಲು ಹಿಡಿಯುವ ವಸ್ತು ತನ್ನ ಕೈಯದು. ಪುಟ್ಟಸ್ವಾಮಿ ಇಂಥದ್ದೊಂದು ಕೆಲಸಕ್ಕಾಗಿ ಜೀವಮಾನವೆಲ್ಲ ಕಾದಿದ್ದ. ಆ ಆರ್ಡರು ಕೈತಪ್ಪಿ ಹೆದ್ದಾರಿಯವರ ಪಾಲಾಗುವುದನ್ನು ನೆನೆಸಿಕೊಂಡೇ ಎರಡು ದಿನ ಊಟ ಸೇರಲಿಲ್ಲ.

ಅವನಿಗೆ ವೆಬ್‌ಸೈಟು ಎಲ್ಲಿಂದ ಬರಬೇಕು? ಅಕ್ಕನ ಮಗ ಮಧುಕುಮಾರನಿದ್ದ. ಬಸ್ ಸ್ಟ್ಯಾಂಡಿನ ಹಿಂದೆ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡು, ತಾಲ್ಲೂಕಿನ ಹುಟ್ಟುಹಬ್ಬ, ಗೆಲುವು, ಸಾವು ಎಲ್ಲವನ್ನೂ ಒಂದೇ ನಮೂನೆಯಲ್ಲಿ ಅಚ್ಚು ಹಾಕುವ ಮಹಾನುಭಾವ.

"ವೆಬ್‌ಸೈಟು ಅಂದ್ರೆ ಫ್ಲೆಕ್ಸೇ ಕಣ್ ಮಾವ. ಕಂಬಕ್ ಕಟ್ಟೋ ಬದ್ಲು ಮೊಬೈಲ್‌ನಾಗೆ ಕಟ್ಟೋದು, ಅಷ್ಟೇಯ" ಎಂದ. ಆಮೇಲೆ ಅಪ್ಪಿತಪ್ಪಿ ಒಂದು ಒಳ್ಳೇ ಮಾತು ಕೇಳಿದ. "ಲೇತ್ ಮುಂದೆ ಕುಂತಿರೋ ಹಂಗೆ ಒಂದು ಫೋಟೋ ತೆಗೀಲೇನ್ ಮಾವ?"

"ಬನೀನ್‌ನಾಗೆ ಅರಗು ಮೆತ್ಕಂಡ್ ಕುಂತಿರೋನ ಫೋಟೋ ಯಾರಿಗ್ ಬೇಕ್ಲಾ? ಒಸಿ ಮರ್ವಾದೆಯಾಗಿರೋ ಜನ್ರನ್ನ ಹಾಕು. ನಮ್ ಕಡೆ ಇಂಥಿಂಥೋರವ್ರೆ ಅಂತ ಅವ್ರಿಗ್ ಗೊತ್ತಾಗ್ಬೇಕು."

ನಾಲ್ಕನೇ ದಿನ ಸೈಟು ತಯಾರಾಯಿತು. ಅದರ ಚೆಂದವನ್ನು ಏನೆಂದು ಹೇಳಲಿ. ಮೇಲ್ಗಡೆ ಹುಟ್ಟುವ ಸೂರ್ಯ. ಅದರ ಮುಂದೆ ಎರವಲು ಬಿಳಿ ಅಂಗಿ, ಕಪ್ಪು ಕನ್ನಡಕ ಹಾಕಿಕೊಂಡು ಮೊಬೈಲ್ ಕಿವಿಗಿಟ್ಟ ಪುಟ್ಟಸ್ವಾಮಿ. "ಗೊಂಬೆ ಹುಲಿ ಪುಟ್ಟಸ್ವಾಮಣ್ಣ" ಎಂಬ ಬಿರುದು ಬೇರೆ. ಕೆಳಗೆ "ಶುಭ ಕೋರುವವರು" ಎಂದು ದುಂಡು ದುಂಡಗೆ ಇಪ್ಪತ್ತೆರಡು ಮುಖ: ಡೈರಿ ಅಧ್ಯಕ್ಷ, ಇನ್ಶೂರೆನ್ಸ್ ಏಜೆಂಟ್ ಬಾಮೈದ, ಇಬ್ಬರು ಅಳಿಯಂದಿರು, ಮೊನ್ನೆ ತಾನೇ ತೀರಿಹೋದ ಒಬ್ಬ ದೊಡ್ಡಪ್ಪ. ತನ್ನ ಮುಖ ಚಿಕ್ಕದಾಯಿತೆಂದು ಬಾಮೈದ ಮುನಿಸಿಕೊಂಡಿದ್ದಕ್ಕೆ ಅವನದನ್ನು ಗೊಂಬೆ ಹುಲಿಯ ಮುಖದಷ್ಟೇ ದೊಡ್ಡದು ಮಾಡಿದ್ದರು. ಗೊಂಬೆ ಅಂತ ಇದ್ದದ್ದು ಒಂದೇ ಒಂದು, ಅದೂ ಇನ್ನೆಲ್ಲಿಂದಲೋ ಎತ್ತಿದ ಪ್ಲಾಸ್ಟಿಕ್ ಆನೆ, ಅದರ ಹೊಟ್ಟೆಯ ಮೇಲೆ ಬೇರೆ ಕಂಪನಿಯ ಹೆಸರು. "ಖರೀದಿಸಿ" ಎಂಬಲ್ಲಿ ಬೆರಳೊತ್ತಿದರೆ ಮಧುಕುಮಾರನ ಫ್ಲೆಕ್ಸ್ ದರಪಟ್ಟಿ ತೆರೆದುಕೊಳ್ಳುತ್ತಿತ್ತು. ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ. ಪುಟ ತೆರೆದ ಕೂಡಲೇ ನಾದಸ್ವರ ಮೊಳಗುತ್ತಿತ್ತು, ನಿಲ್ಲಿಸಲು ಯಾವ ದಾರಿಯೂ ಇರಲಿಲ್ಲ.

ಇಡೀ ಊರನ್ನೇ ಜರೆಯುತ್ತಿದ್ದ ಕಣ್ಣಿಗೆ ಇದರಲ್ಲಿ ಒಂದು ಕುಂದೂ ಕಾಣಲಿಲ್ಲ. ಪುಟ್ಟಸ್ವಾಮಿ ಮೂರು ಸಲ ನೋಡಿ, ಹಿಗ್ಗಿ, ಲಿಂಕು ಕಳಿಸಿದ.

ಆಮೇಲೆ ಸದ್ದಿಲ್ಲ, ಸುದ್ದಿಯಿಲ್ಲ. ತಿಂಗಳು ಕಳೆದ ಮೇಲೆ ತಾನೇ ಫೋನು ಮಾಡಿದ. ರಮ್ಯಾಳಿಗೆ ಹೇಳಲು ಸಂಕೋಚ.

"ಬೇಜಾರ್ ಮಾಡ್ಕೋಬೇಡಿ ಸರ್. ವಾರ್ಡ್ ಪಕ್ಕದ ರೂಮಲ್ಲಿ ಓಪನ್ ಮಾಡಿದ್ವಿ, ಆ ವಾದ್ಯಕ್ಕೆ ಮಲಗಿದ್ದ ಮಕ್ಕಳೆಲ್ಲ ಎದ್ದುಬಿಟ್ವು. ಇದು ಎಲೆಕ್ಷನ್ನೋರದು ಅಂದ್ರು ಒಬ್ಬರು. ಇನ್ನೊಬ್ಬರು ಮೋಸದ ಸೈಟು, ನಂಬರ್ ಕೂಡ ಸುಳ್ಳು ಅಂದ್ರು. ನಾವು ನಿಮ್ಮೂರಿನವರೇ ಜಯಕುಮಾರ್ ಅಂತ, ಅವರಿಗೆ ಕೊಟ್ವಿ. ಅವರ ಸೈಟ್ ನೀಟಾಗಿದೆ, ಗೊಂಬೆ ಮಾಡೋರ ಕೈ ಫೋಟೋನೇ ಹಾಕಿದ್ದಾರೆ. ಅದನ್ನ ನೋಡಿದ ಮೇಲೆ ಎಲ್ಲರಿಗೂ ನಂಬಿಕೆ ಬಂತು."

ಮೋಸ. ಊರವರಿಗೆಲ್ಲ ತಾನು ಹಂಚುತ್ತಿದ್ದ ಪದ ಪುಟ್ಟಸ್ವಾಮಿಯ ಮನೆಬಾಗಿಲಿಗೇ ಬಂದಿತ್ತು. ಜಯಕುಮಾರನೆಂದರೆ ಹೆದ್ದಾರಿಯ ಅಂಗಡಿಯವ, ಲೇತಿನ ಮುಂದೆ ಒಂದು ದಿನವೂ ಕೂತವನಲ್ಲ. ಎಲ್ಲಿಂದಲೋ ಮೂಟೆಯಲ್ಲಿ ತರಿಸಿದ ಮಾಲಿಗೆ ಚೀಟಿ ಅಂಟಿಸಿ ಮಾರುವ ಆಸಾಮಿ.

ಮಧುಕುಮಾರನ ಅಂಗಡಿಗೆ ಹೋಗಿ ಜಯಕುಮಾರನ ಸೈಟು ತೆರೆಸಿ ನೋಡಿದ. ಬಿಳೀ ಪುಟ. ನಾಲ್ಕು ಗಿಲಕಿ, ಅಳತೆ, ಬೆಲೆ, ಅಂಗಡಿಯ ವಿಳಾಸ. ನಡುವೆ ದೊಡ್ಡದಾಗಿ ಎರಡು ಕೈ, ಬೆರಳ ನಡುವೆ ಕೆಂಪು ಅರಗಿನ ಕಡ್ಡಿ. ಎಡಗೈಯ ಕಿರುಬೆರಳು ಕೊಕ್ಕೆಯ ಹಾಗೆ ಬಾಗಿತ್ತು. ಹೆಬ್ಬೆರಳ ಬುಡದಲ್ಲಿ ಕಪ್ಪು ಕಲೆ.

"ಮಾವ, ಇದು ನಿನ್ ಕೈಯಲ್ವಾ?" ಎಂದ ಮಧುಕುಮಾರ.

ಮೂರು ವರ್ಷದ ಹಿಂದೆ ಜಯಕುಮಾರ "ಸುಮ್ಕೆ ನೋಡಕ್ ಬಂದೆ ಅಣ್ಣ" ಎಂದು ಬಂದು, ಟೀ ಕುಡಿದು, ಮೊಬೈಲಿನಲ್ಲಿ ಏನೋ ತೆಗೆದುಕೊಂಡು ಹೋಗಿದ್ದು ಪುಟ್ಟಸ್ವಾಮಿಗೆ ಆಗ ನೆನಪಾಯಿತು.

ಮಾರನೇ ದಿನ ಬೆಳಗಿನ ರೈಲಿಗೇ ಬೆಂಗಳೂರಿಗೆ ಹೋದ. ಆಸ್ಪತ್ರೆಯಲ್ಲಿ ರಮ್ಯಾಳ ಮೇಜಿನ ಮೇಲೆ ತನ್ನ ಎಡಗೈ ಇಟ್ಟು, "ನೀವು ನಂಬಿದ್ ಕೈ ಇದೇ ತಾಯಿ" ಎಂದ. ಅವಳು ಆ ಫೋಟೋ ತೆರೆದ ಮೊಬೈಲನ್ನು ಪಕ್ಕಕ್ಕೆ ಹಿಡಿದು ಬೆರಳು ನೋಡಿದಳು, ಕಲೆ ನೋಡಿದಳು. ಮುಖದ ಬಣ್ಣ ಇಳಿಯಿತು.

ಮೂಲೆಯಲ್ಲಿ ಜಯಕುಮಾರನ ಪೆಟ್ಟಿಗೆಗಳಿದ್ದವು. ಪುಟ್ಟಸ್ವಾಮಿ ಮೊದಲು ತನ್ನ ಚೀಲದಿಂದ ಒಂದು ಗಿಲಕಿ ತೆಗೆದು ಚೀಪಿ, ಕಚ್ಚಿ, ನಾಲಿಗೆ ಚಾಚಿದ. ಏನೂ ಇಲ್ಲ. ಆಮೇಲೆ ಪೆಟ್ಟಿಗೆಯಿಂದ ಒಂದನ್ನು ಎತ್ತಿ ಅದನ್ನೂ ಹಾಗೇ ಮಾಡಿದ. ನಾಲಿಗೆ ಕುಂಕುಮ ಮೆತ್ತಿದ ಹಾಗೆ ಕೆಂಪಾಗಿತ್ತು, ಹಲ್ಲಿನ ಸಂದಿಯಲ್ಲಿ ಬಣ್ಣದ ಹಕ್ಕಳೆ. ಗೆದ್ದೆನೆಂದು ಒಂದು ಕ್ಷಣ ಹೊಟ್ಟೆ ತಣ್ಣಗಾಯಿತು.

"ಎಷ್ಟು ಹಂಚಿದ್ದೀರಿ ಇದ್ರಲ್ಲಿ?" ಎಂದ.

"ಇನ್ನೂರ ಹನ್ನೊಂದು" ಎಂದಳು ರಮ್ಯಾ. "ಉಳಿದಿದ್ದನ್ನ ಇವತ್ತೇ ವಾಪಸ್ ಕಳಿಸ್ತೀನಿ. ಕೊಟ್ಟ ಮನೆಗಳಿಗೆಲ್ಲ ಈಗಲೇ ಫೋನ್ ಮಾಡಿಸ್ತೀನಿ. ಆದ್ರೆ ಸರ್, ಒಂದು ಕೇಳ್ತೀನಿ. ಈ ಕೈ ನಿಮ್ಮ ಸೈಟ್‌ನಲ್ಲಿ ಯಾಕಿರಲಿಲ್ಲ?"

ಯಾರು ಏನೇ ಅಂದರೂ ತಿರುಗಿಸಿ ಎರಡು ಅನ್ನುವ ಬಾಯಿ ಅದು. ಅವತ್ತು ಇನ್ನೂರ ಹನ್ನೊಂದಕ್ಕೂ ಬದಲಿ ಗಿಲಕಿ ಮಾಡಿಕೊಡುತ್ತೇನೆಂದು ಮಾತ್ರ ಹೇಳಿ ಎದ್ದು ಬಂದ. ರೈಲಿನಲ್ಲಿ ಟವೆಲಿನಿಂದ ನಾಲಿಗೆ ಉಜ್ಜಿ ಉಜ್ಜಿ ನೋಡಿದ, ಬಣ್ಣ ಪೂರ್ತಿ ಹೋಗಲಿಲ್ಲ.

ಮನೆಯಲ್ಲಿ ಸರಸಮ್ಮ ಅವನ ಬಾಯಿ ನೋಡಿ ಗಾಬರಿಯಾದಳು. "ಇದೇನ್ ರಕ್ತವಾ?"

"ಜಯಕುಮಾರನ ಬಣ್ಣ. ಇನ್ನೂರ ಹನ್ನೊಂದು ಕೂಸ್ಗಳ ನಾಲ್ಗೆ ಹಿಂಗೇ ಆಗೈತೆ" ಎಂದು ನಡೆದದ್ದನ್ನೆಲ್ಲ ಹೇಳಿದ. ಜಯಕುಮಾರನನ್ನು ಬೈದ, ಮಧುಕುಮಾರನನ್ನು ಬೈದ, ನಾದಸ್ವರವನ್ನೂ ಬಿಡಲಿಲ್ಲ.

ಸರಸಮ್ಮ ಕೊನೆಯವರೆಗೂ ಕೇಳಿ, ಬಾಯಿ ಮುಕ್ಕಳಿಸಲು ಒಂದು ಚೊಂಬು ನೀರು ತಂದಿಟ್ಟಳು. "ಮೂವತ್ತೆಂಟು ವರ್ಷ ಬಂದ್ ಬಂದೋರ್ಗೆಲ್ಲ ನಾಲ್ಗೆ ತೋರ್ಸ್ದೆ, ನಾನು ನಾಚ್ಕಂಡೆ. ನಾಚ್ಕಬೇಕಾದ್ದು ಅದಕ್ಕಲ್ಲ. ಹೆಂಗ್ ನಂಬೋದು ಅಂತ ಕೇಳ್ಕಂಡ್ ಬಂದೋರ್ಗೆ ನನ್ ತಮ್ಮನ ಮಖ ತೋರ್ಸ್ದೆ ನೋಡು, ಅದಕ್ಕೆ."

ಪುಟ್ಟಸ್ವಾಮಿ ಬಾಯಿ ಮುಕ್ಕಳಿಸಿ ಉಗಿದ. ನೀರು ಇನ್ನೂ ತಿಳಿಗೆಂಪಾಗಿತ್ತು. ಅಂಗಿ ಬಿಚ್ಚಿ ಬನೀನಿನಲ್ಲಿ ಲೇತಿನ ಮುಂದೆ ಕೂತು, ಇನ್ನೂರ ಹನ್ನೊಂದರಲ್ಲಿ ಮೊದಲನೆಯದಕ್ಕೆ ಮರ ಸಿಕ್ಕಿಸಿದ.