ತಿದಿ ಇಲ್ಲದ ಪಿಯಾನೊ

ಬಸವಾಪಟ್ಟಣದಲ್ಲಿ ದೊಡ್ಡಪ್ಪನ ಕೋಣೆಗೆ ಇರುವುದು ಒಂದೇ ಕಿಟಕಿ. ಆ ಮಧ್ಯಾಹ್ನ ಅದನ್ನೂ ಮುಚ್ಚಿ, ಫ್ಯಾನ್ ನಿಲ್ಲಿಸಿ, ಬಾಗಿಲಿಗೆ ಚಿಲಕ ಹಾಕಿಕೊಂಡು ಕೂತಿದ್ದೆವು. ಪಿಯಾನೊದ ಯಾವ ಕೀ ಎಷ್ಟು ಹೊತ್ತು ಒತ್ತಿದಿರಿ ಎಂಬುದಷ್ಟೇ ಕಂಪ್ಯೂಟರಿಗೆ ಹೋಗುತ್ತದೆ, ಹೊರಗಿನ ಸದ್ದು ಸೇರುವುದಿಲ್ಲ ಎಂದು ಎರಡು ಸಲ ವಿವರಿಸಿದ್ದೆ. ದೊಡ್ಡಪ್ಪ ಒಪ್ಪಿರಲಿಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಯ ಕರಕರ ತಮ್ಮ ಮಂಗಳದ ಹಾಡಿನೊಳಗೆ ಬರಬಾರದು ಎಂಬುದು ಅವರ ಹಟ.

ಶನಿವಾರದ ಭಜನೆಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಹಾರ್ಮೋನಿಯಂ ನುಡಿಸಿದವರು ಅವರು. ಲಕ್ವ ಹೊಡೆದು ಎಡಗೈ ಬಿದ್ದುಹೋದ ಮೇಲೆ ತಿದಿ ಒತ್ತುವುದು ಸಾಧ್ಯವಾಗಲಿಲ್ಲ. ಕೊನೆಯಲ್ಲಿ ಹಾಡುವ ಮಂಗಳದ ಧಾಟಿ ಪೂರ್ತಿ ಗೊತ್ತಿದ್ದದ್ದು ಅವರೊಬ್ಬರಿಗೇ. ಬಲಗೈಯೂ ಕಾಲು ಗಂಟೆ ನುಡಿಸಿದರೆ ಸೆಟೆದುಕೊಳ್ಳುತ್ತಿತ್ತು. ಅದು ನಿಲ್ಲುವ ಮೊದಲು ಧಾಟಿಯನ್ನು ಉಳಿಸಿಕೊಳ್ಳಬೇಕೆಂದು ಚನ್ನಗಿರಿಯಿಂದ ನನ್ನ ಡಿಜಿಟಲ್ ಪಿಯಾನೊ ತಂದಿದ್ದೆ. ಅದಕ್ಕೆ ತಿದಿ ಬೇಕಿಲ್ಲ. ವೈರು ಸಿಕ್ಕಿಸುವ ತೂತು ಸಡಿಲವಾಗಿದ್ದರಿಂದ ಬ್ಲೂಟೂತಿನಲ್ಲೇ ಲ್ಯಾಪ್‌ಟಾಪಿಗೆ ಜೋಡಿಸಬೇಕಿತ್ತು.

ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಪಿಯಾನೊದ ಹೆಸರೇ ಕಾಣಲಿಲ್ಲ. ಎರಡನ್ನೂ ಆರಿಸಿ ಹಚ್ಚಿದೆ. ಬೆವರು ಕಣ್ಣಿಗಿಳಿಯಿತು. ದೊಡ್ಡಪ್ಪ ಕಾಯಲಾರದೆ ಸುಮ್ಮನೆ ನುಡಿಸುತ್ತಿದ್ದರು. ಅವರ ಕಾಲು ಗಂಟೆ ಅಲ್ಲೇ ಕರಗುತ್ತಿತ್ತು. ಒಂದು ಸಲಕ್ಕೆ ಒಂದೇ ಸಾಧನಕ್ಕೆ ಜೋಡಣೆ ಎಂದು ಕೈಪಿಡಿಯಲ್ಲಿತ್ತು. ಅದನ್ನು ಜೋರಾಗಿ ಓದಿದೆ.

ಬಾಗಿಲ ಪಕ್ಕ ಕೂತಿದ್ದ ದೊಡ್ಡಮ್ಮ ಕೇಳಿದರು. "ನಿನ್ನ ಫೋನಿಗೆ ಹಚ್ಚಿದ್ಯೇನೋ?"

"ಇಲ್ಲ ದೊಡ್ಡಮ್ಮ. ಯಾವತ್ತೂ ಹಚ್ಚಿಲ್ಲ."

"ಜೇಬಿನಾಗೈತಲ್ಲ, ತೆಗ್ದು ನೋಡು. ನೋಡಾಕೇನು ಕಷ್ಟ?"

ತೆಗೆದು ನೋಡಿದೆ. ಪಿಯಾನೊ ನನ್ನ ಫೋನಿಗೇ ಅಂಟಿಕೊಂಡಿತ್ತು. ಹಿಂದಿನ ಭಾನುವಾರ ನಾನೇ ನುಡಿಸಿ ಉಳಿಸಿದ ಅಭ್ಯಾಸ ಕೂಡ ಅಲ್ಲಿತ್ತು. ಅದನ್ನು ಮಾಡಿದ ನೆನಪು ಈಗಲೂ ನನಗಿಲ್ಲ. ಫೋನಿನ ಬ್ಲೂಟೂತ್ ಆರಿಸಿದ ಕೂಡಲೇ ಲ್ಯಾಪ್‌ಟಾಪಿನಲ್ಲಿ ಹೆಸರು ಬಂತು.

"ನುಡಿಸ್ರಿ ದೊಡ್ಡಪ್ಪ."

ಬಲಗೈ ಆಗಲೇ ಬಿಗಿಯುತ್ತಿತ್ತು. ಆದರೂ ನುಡಿಸಿದರು. ತೆರೆಯ ಮೇಲೆ ಒಂದೊಂದು ಸ್ವರವೂ ಸಣ್ಣ ಪಟ್ಟಿಯಾಗಿ ಸಾಲುಗಟ್ಟಿತು. ಕೊನೆಯ ಸಾಲು ನೇರ ಕೆಳಗಿಳಿದು ನಿಂತಿತು.

"ಕೊನೆಗೆ ಒಂದು ಸ್ವರ ಮೇಲೆ ಹೋಗ್ಬೇಕಲ್ಲ?" ಎಂದೆ.

"ಯಾರಂದ್ರು?" ಎಂದರು ದೊಡ್ಡಪ್ಪ.

"ಚಿಕ್ಕವನಿದ್ದಾಗ ಕೇಳೀನಿ. ಚೆನ್ನಾಗಿ ನೆನಪೈತೆ."

"ಜೇಬಿನಾಗಿನ ಫೋನೇ ನೆನಪಿರ್ಲಿಲ್ಲ," ಎಂದರು ದೊಡ್ಡಮ್ಮ.

ಕೊನೆಯ ಪಟ್ಟಿಯನ್ನು ಮೌಸಿನಿಂದ ಒಂದು ಮೆಟ್ಟಿಲು ಮೇಲೆಳೆದರೆ ಮುಗಿಯುತ್ತಿತ್ತು. ಭಜನೆಯವರಿಗೆ ತಿಳಿಯುತ್ತಲೂ ಇರಲಿಲ್ಲ. ಎಳೆಯುವ ಮೊದಲು ಇನ್ನೊಮ್ಮೆ ನುಡಿಸಲು ಕೇಳಿದೆ. ಈ ಸಲ ತೆರೆ ಬಿಟ್ಟು ಅವರನ್ನೇ ನೋಡಿದೆ. ಕೊನೆಯ ಸಾಲಿಗೆ ಬಂದಾಗ ಅವರ ಸತ್ತ ಎಡಗೈ ತೊಡೆಯ ಮೇಲೇ ಇತ್ತು, ಆದರೆ ಎಡಭುಜ ಮೇಲೆದ್ದು ಮುಂದಕ್ಕೆ ದೂಡಿತು. ಇಲ್ಲದ ತಿದಿಯನ್ನು ಅದು ಒತ್ತುತ್ತಿತ್ತು. ನಾನು ಚಿಕ್ಕವನಿದ್ದಾಗ ಕೇಳಿದಲ್ಲಿ ಏರಿದ್ದು ಸ್ವರವಲ್ಲ, ಗಾಳಿ ತುಂಬಿ ಜೋರಾದ ದನಿ ಇರಬೇಕು. ಅದನ್ನೇ ನಾನು ಇಷ್ಟು ವರ್ಷ ಮೇಲಿನ ಸ್ವರವೆಂದು ನಂಬಿಕೊಂಡಿದ್ದೆನೆ? ಖಚಿತವಿಲ್ಲ. ತೆರೆಯ ಮೇಲಂತೂ ಭುಜಕ್ಕೆ ಜಾಗವಿರಲಿಲ್ಲ.

"ಬಂತೇನೋ?" ಬೆರಳು ಮಡಚಲಾಗದೆ ಕೈಯನ್ನು ಎದೆಗೆ ಒತ್ತಿಕೊಂಡು ಕೇಳಿದರು.

"ಸ್ವರ ಬಂದೈತೆ."

ಪಟ್ಟಿಯನ್ನು ಇದ್ದಲ್ಲೇ ಬಿಟ್ಟೆ. ಅದರ ಕೆಳಗೆ ಭಜನೆಯವರಿಗಾಗಿ ಟೈಪ್ ಮಾಡಿದೆ: ಇಲ್ಲಿ ತಿದಿ ಜೋರಾಗಿ ಒತ್ತಬೇಕು? ದೊಡ್ಡಪ್ಪ ಬಗ್ಗಿ ಓದಿದರು.

"ಒತ್ತಬೇಕು. ಆ ಕೊಕ್ಕೆ ಯಾಕೆ ಹಾಕೀ? ತೆಗಿ ಅದನ್ನ."

ಪ್ರಶ್ನೆಯ ಗುರುತನ್ನು ಅಳಿಸಿದೆ. ದೊಡ್ಡಮ್ಮ ಕಿಟಕಿ ತೆಗೆಯಲು ಎದ್ದರು. ದೊಡ್ಡಪ್ಪನ ಎಡಭುಜ ಇನ್ನೂ ಮೆಲ್ಲಗೆ ಏಳುತ್ತ ಇಳಿಯುತ್ತ ಇತ್ತು.