ರೇಣುಕಾ ತಂದ ತತ್ತಿ

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮೊಟ್ಟೆ ಅನ್ನೋ ಮಾತನ್ನೂ ಊಟದ ಹೊತ್ತಿಗೆ ಆಡುವಂತಿರಲಿಲ್ಲ. ಕೇಕ್ ತರುವಾಗಲೂ ಅಮ್ಮ ಬೇಕರಿಯವನನ್ನು ಎರಡೆರಡು ಸಲ ಕೇಳುತ್ತಿದ್ದಳು. ಅಂಥ ಮನೆ ಹುಡುಗಿಗೆ ಸೈನ್ಸ್ ಎಗ್ಸಿಬಿಷನ್ನಿನಲ್ಲಿ ಸಿಕ್ಕ ವಿಷಯ ನೋಡಿ: ಜೀವಕೋಶದ ಪೊರೆ ಏನನ್ನು ಒಳಗೆ ಬಿಟ್ಟುಕೊಳ್ಳುತ್ತೆ, ಏನನ್ನು ಬಿಡಲ್ಲ. ತೋರಿಸೋಕೆ ಬೇಕಾದ್ದು ಒಂದು ಕೋಳಿಮೊಟ್ಟೆ!

ಜೊತೆಗೆ ಸಿಕ್ಕವಳು ರೇಣುಕಾ. ಅವರಪ್ಪ ಬಾಗಲಕೋಟೆ ಕಡೆಯಿಂದ ಬಂದು, ಫ್ಯಾಕ್ಟರಿ ಕೆಲಸಕ್ಕೆ ಸೇರಿ, ಲಗ್ಗೆರೆಯಲ್ಲಿ ಒಂದು ರೂಮು ಮಾಡಿದ್ದರು. "ನಿಮ್ಮನ್ಯಾಗ ಬ್ಯಾಡಂದ್ರ ನಮ್ಮನ್ಯಾಗ ಇಡೂಣ ಬಿಡಲೇ," ಅಂದಳು. ಎರಡು ದಿನ ವಿನೆಗರ್‌ನಲ್ಲಿಟ್ಟು ಚಿಪ್ಪು ಕರಗಿಸಿದಳು. ನಾನು ಹೋಗಿ ನೋಡಿದರೆ ರೂಮೆಲ್ಲ ಹುಳಿ ವಾಸನೆ. ಬರೀ ಪೊರೆ ಉಳಿದಿತ್ತು, ಒಳಗೆ ಹಳದಿ ಓಲಾಡುತ್ತಿತ್ತು.

"ಮುಟ್ಟಲೇ, ಏನಾಗಂಗಿಲ್ಲ. ಕೂಸಿನ ಗಲ್ಲ ಇದ್ದಂಗೈತಿ."

ಮುಟ್ಟಿದೆ. ಹಾಗೇ ಇತ್ತು. ಅವರಮ್ಮ ಚಹಾಕ್ಕಿಟ್ಟ ಸಕ್ಕರೆಯನ್ನೆಲ್ಲ ಸುರಿದು ಪಾಕ ಮಾಡಿಕೊಟ್ಟರು. ಪಾಕದಲ್ಲಿಟ್ಟರೆ ಸಂಜೆಯೊಳಗೆ ಮೊಟ್ಟೆ ಸುಕ್ಕಾಯಿತು. ಆಮೇಲೆ ಬರೀ ನೀರಿಗೆ ಹಾಕಿ, ನನ್ನ ಕೈಗೊಂದು ಶೇಂಗಾ ಹೋಳಿಗೆ ಕೊಟ್ಟು ಕಳಿಸಿದರು.

ಮಾರನೇ ದಿನ ಭಾನುವಾರ ಅದು ದಪ್ಪಗೆ ಉಬ್ಬಿತ್ತಂತೆ. ಖುಷಿ ತಡೆಯಲಾರದೆ ರೇಣುಕಾ ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ನಮ್ಮ ಮನೆಗೇ ಬಂದುಬಿಟ್ಟಳು. ಬಾಗಿಲು ತೆಗೆದವಳು ಅಮ್ಮ.

"ಏನಮ್ಮಾ ಅದು?"

"ತತ್ತಿ ರೀ ಆಂಟಿ. ನಂದು, ಸಂಧ್ಯಾಂದು ಕೂಡಿ."

"ತತ್ತಿ ಅಂದ್ರೆ ಏನೇ?" ಅಮ್ಮ ನನ್ನ ಕಡೆ ತಿರುಗಿದಳು.

"ಮೊಟ್ಟೆ ಅಮ್ಮ," ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ! "ಎಲ್ಲ ಇವಳೇ ಮಾಡಿರೋದು. ನಾನು ಮುಟ್ಟೂ ಇಲ್ಲ. ಬೇಡ ಅಂತಾನೇ ಹೇಳಿದ್ದೆ."

ರೇಣುಕಾ ಡಬ್ಬಿ ಮುಚ್ಚಿ, "ಬರ್ತೀನ್ರೀ ಆಂಟಿ" ಅಂದು ಮೆಟ್ಟಿಲಿಳಿದಳು. ಅಮ್ಮ ಬೈಯಲಿಲ್ಲ. ಒಂದು ಬಕೆಟ್ ನೀರು ತಂದು ನನ್ನ ಕೈಗೆ ಕೊಟ್ಟಳು. ರೇಣುಕಾ ನಿಂತಿದ್ದ ಜಾಗಕ್ಕೆ ನಾನೇ ಸುರಿದೆ. ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ರೇಣುಕಾ ತಲೆಯೆತ್ತಿ ನೋಡಿದಳು.

ಸೋಮವಾರ ಎಗ್ಸಿಬಿಷನ್. "ಈ ಪೊರಿ ನೀರನ್ನ ಒಳಗ ಬಿಡತೈತ್ರಿ, ಸಕ್ರಿನ ಬಿಡಂಗಿಲ್ಲ," ಅಂತ ಬಂದವರಿಗೆಲ್ಲ ಅವಳೇ ಹೇಳಿದಳು. ಯಾರು ಮಾಡಿದ್ದು ಅಂತ ಮೇಷ್ಟ್ರು ಕೇಳಿದರೆ, "ಇಬ್ಬರೂ ಕೂಡಿ ಮಾಡೀವ್ರಿ ಸಾರ್." ಬಹುಮಾನ ಬಂತು. ಸದ್ಯ, ಮರೆತಿದ್ದಾಳೆ ಅಂದುಕೊಂಡು ಕೈ ಹಿಡಿಯಲು ಹೋದೆ. ಅವಳು ಪಕ್ಕಕ್ಕೆ ಸರಿದು, "ಸಂಧ್ಯಾ, ಆ ಚಾರ್ಟ್ ಸ್ವಲ್ಪ ಹಿಡೀರಿ," ಅಂದಳು.

ಹಿಡೀರಿ! ಮೊನ್ನೆವರೆಗೂ ಲೇ ಅಂತಿದ್ದವಳು. ಅದೇ ಬೆಂಚಿನಲ್ಲಿ ಪಕ್ಕಕ್ಕೇ ಕೂತು, ಹತ್ತನೇ ಕ್ಲಾಸು ಮುಗಿಯೋವರೆಗೂ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದಳು.

ಈಗ ಅಮ್ಮನೇ ಮೊಮ್ಮಗನಿಗೆ ಬೆಳಿಗ್ಗೆ ಮೊಟ್ಟೆ ಬೇಯಿಸಿ, "ಪ್ರೋಟೀನ್ ಕಣೇ," ಅಂತಾಳೆ. ಅವಳನ್ನು ಯಾವ ಬಾಯಲ್ಲಿ ಅನ್ನಲಿ? ನೀರು ಸುರಿದ ಕೈ ನಂದೇ. ರೇಣುಕಾ ಎಲ್ಲಿದ್ದಾಳೋ ಗೊತ್ತಿಲ್ಲ. ಅವತ್ತೇ ಬಾಯಿಗೆ ಬಂದಂತೆ ಬೈದಿದ್ದರೆ ನಾನೂ ಬೈದು, ಅತ್ತು, ಇಬ್ಬರೂ ರಾಜಿಯಾಗುತ್ತಿದ್ದೆವೇನೋ. ಅವಳು ಬೈಯಲೇ ಇಲ್ಲ, ಮರ್ಯಾದೆ ಕೊಟ್ಟಳು.